ನಾನು ಮಿಸ್ ಮ್ಯಾಂಡಿಯಾಗಿದ್ದ ವರ್ಷ

ಮಲ್ಲಿಗೆಯನ್ನು ಮುಡಿಯುವುದು ಬಿಟ್ಟು ಬಿಸಿನೀರಿಗೆ ಹಾಕಿ ಕುಡಿಯುವವರನ್ನು ನಾನು ಮೊದಲು ಕಂಡದ್ದು ಲಂಡನ್ನಿನ ಕೆಂಟನ್‌ನ ನಮ್ಮ ಅಡುಗೆಮನೆಯಲ್ಲೇ. ಆ ವಾಸನೆ ಮತ್ತೆ ಮೂಗಿಗೆ ಬಡಿದದ್ದು ಹೋದ ವಾರ, ನಾನು ಕೆಲಸ ಮಾಡುವ ಶಾಲೆಯ ಸ್ಟಾಫ್‌ರೂಮಿನಲ್ಲಿ. ಹೊಸದಾಗಿ ಬಂದಿರುವ ವಿಜ್ಞಾನದ ಟೀಚರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಜಾಸ್ಮಿನ್ ಟೀ ಇದೆ, ನಿಮಗೂ ಸ್ವಲ್ಪ ಹಾಕಲೇ ಎಂದು ಕೇಳಿದರು. ನನ್ನ ಬಾಯಿಂದ ‘ಅಯ್ಯ, ಬ್ಯಾಡವಾ’ ಎಂದು ಅಚ್ಚ ಧಾರವಾಡದ ಮಾತು ಹೊರಬಿತ್ತು. ಪಾಪ, ಆಕೆ ತನ್ನಿಂದ ಏನೋ ತಪ್ಪಾಯಿತೇನೋ ಎಂದು ಫ್ಲಾಸ್ಕನ್ನೇ ಮುಚ್ಚಿಟ್ಟರು. ನಾನು ಎದ್ದು ಕಾರಿಡಾರಿಗೆ ಬಂದು, ಮಕ್ಕಳ ಕೋಟು ತೂಗುಹಾಕುವ ಗೂಟಗಳ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಎಲ್ಲ ಮರೆತಿದ್ದೇನೆ, ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟಿದ್ದೇನೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೆ. ಶುದ್ಧ ಸುಳ್ಳು.

ಆ ಒಂದು ವರ್ಷ ನಾನು ಚೀನಾದ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದೆ. ಹೀಗೆಂದ ಕೂಡಲೇ ಇಲ್ಲಿಯ ನಮ್ಮವರು, ‘ಹೌದೇನ್ರಿ? ಚೀನಾ ಹೆಂಗದ? ಅಲ್ಲೆ ಊಟಕ್ಕ ಏನ್ ಮಾಡ್ತಿದ್ರಿ?’ ಎಂದು ಶುರುಮಾಡುತ್ತಾರೆ. ಊಟಕ್ಕೇನು, ನಮ್ಮ ಮನೆಯ ಸಾರು ಅನ್ನವೇ. ನಾನು ಚೀನಾ ನೋಡಿಯೇ ಇಲ್ಲ. ಕೋವಿಡ್ ಇಲ್ಲಿ ತಣ್ಣಗಾಗುತ್ತ ಬಂದಿದ್ದರೂ ಆ ದೇಶ ಇನ್ನೂ ಬಾಗಿಲು ಹಾಕಿಕೊಂಡೇ ಕೂತಿತ್ತು. ಹೊರದೇಶದ ಮೇಷ್ಟ್ರುಗಳು ಒಳಗೆ ಹೋಗುವಂತಿರಲಿಲ್ಲ, ಪಾಠವನ್ನೂ ನಿಲ್ಲಿಸುವಂತಿರಲಿಲ್ಲ. ಎಲ್ಲಿದ್ದೀರೋ ಅಲ್ಲಿಂದಲೇ ಹೇಳಿ ಎಂದರು. ನಾನು ನಮ್ಮ ಮನೆಯ ಬಾಕ್ಸ್ ರೂಮಿನಿಂದ ಹೇಳಿದೆ. ಈ ದೇಶದ ಮನೆಗಳಲ್ಲಿ ಎಲ್ಲಕ್ಕಿಂತ ಚಿಕ್ಕ ಮಲಗುವ ಕೋಣೆಗೆ ಹಾಗನ್ನುತ್ತಾರೆ. ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಅದಕ್ಕೆ ಮೊದಲು ನಾನು ಇದೇ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ತರಗತಿಯಲ್ಲಿ ಟೀಚರ್ ಪಾಠ ಮಾಡುತ್ತಾರೆ, ನಾನು ಹಿಂದುಳಿದ ಮಗುವಿನ ಪಕ್ಕ ಕೂತು ಅಕ್ಷರ ತಿದ್ದಿಸುತ್ತೇನೆ, ಮೂಗು ಒರೆಸುತ್ತೇನೆ, ಅಂಟು ಮತ್ತು ಕತ್ತರಿ ಹಂಚುತ್ತೇನೆ. ಕೆಲಸ ಕೀಳೆಂದು ಹೇಳುತ್ತಿಲ್ಲ. ಆದರೆ ನಾನು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಮದುವೆಗೆ ಮುಂಚೆ ಎರಡು ವರ್ಷ ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳಿದವಳು. ನಾನು ಒಳಗೆ ಬಂದರೆ ಎಂಬತ್ತು ಜನ ಎದ್ದು ನಿಲ್ಲುತ್ತಿದ್ದರು. ಲಂಡನ್ನಿಗೆ ಬಂದಮೇಲೆ ಆ ಎರಡು ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ. ಇಲ್ಲಿ ವಯಸ್ಕರಿಗೆ ಪಾಠ ಹೇಳುವ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದೆ. ಮೂರು ಸಲವೂ ಒಂದೇ ಉತ್ತರ: ಈಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯದ ಮಟ್ಟದಲ್ಲಿ ಕನಿಷ್ಠ ಒಂದು ವರ್ಷ ಪಾಠ ಹೇಳಿದ್ದಕ್ಕೆ ಅನುಭವದ ಪತ್ರ ಬೇಕು. ಒಂದೇ ಒಂದು ಪತ್ರ. ಅದು ಸಿಕ್ಕರೆ ನಾನು ಮತ್ತೆ ಟೀಚರ್, ಸಿಗದಿದ್ದರೆ ಅಂಟು ಮತ್ತು ಕತ್ತರಿ.

ಆ ಪತ್ರ ಕೊಡಿಸುತ್ತೇನೆ ಎಂದವಳು ಶೆನ್ ಎಂಬ ಚೀನಾದ ಹುಡುಗಿ. ಅವಳು ಲಂಡನ್ನಿಗೆ ಒಂದು ವರ್ಷದ ಕೋರ್ಸಿಗೆ ಬಂದಾಗ ನಮ್ಮ ಆ ಬಾಕ್ಸ್ ರೂಮನ್ನೇ ಬಾಡಿಗೆಗೆ ಹಿಡಿದಿದ್ದಳು. ಬಾಡಿಗೆಯವಳಾಗಿ ಬಂದು ಮೂರು ತಿಂಗಳಲ್ಲಿ ಮನೆಯವಳೇ ಆಗಿಬಿಟ್ಟಳು. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಮೇಲೊಂದಿಷ್ಟು ಎಣ್ಣೆ ಹಾಕಿ ಕೊಟ್ಟರೆ ಮಾತೇ ಇಲ್ಲದೆ ಮೂರು ರೊಟ್ಟಿ ಮುಗಿಸುತ್ತಿದ್ದಳು. ಬೆಳಿಗ್ಗೆ ಗಾಜಿನ ಲೋಟದಲ್ಲಿ ಆ ಮಲ್ಲಿಗೆ ಚಹಾ. ‘ಮುಡಿಯೋ ಹೂವು ಕುದಿಸಿ ಕುಡೀತೀಯಲ್ಲೇ ಪುಣ್ಯಾತಗಿತ್ತಿ’ ಎಂದು ನಾನು ಕನ್ನಡದಲ್ಲೇ ಬೈಯುತ್ತಿದ್ದೆ, ಅವಳು ಅರ್ಥವಾದವಳ ಹಾಗೆ ನಗುತ್ತಿದ್ದಳು. ನನ್ನ ತಂಗಿ ಫೋನಿನಲ್ಲಿ ನನ್ನನ್ನು ಅಕ್ಕ ಎನ್ನುವುದು ಕೇಳಿ ತಾನೂ ಅಕ್ಕ ಎನ್ನಲು ಶುರುಮಾಡಿದಳು. ನಾವು ಮಾತಾಡುತ್ತಿದ್ದದ್ದೆಲ್ಲ ಇಂಗ್ಲಿಷ್, ಅಕ್ಕ ಎಂಬುದೊಂದೇ ಕನ್ನಡ. ಅವಳ ಕೋರ್ಸಿನ ಪ್ರಬಂಧವನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಸಾಲು ಸಾಲು ತಿದ್ದಿದವಳು ನಾನು. ಹೊರಟ ದಿನ ಕೆಂಟನ್ ಸ್ಟೇಷನ್ನಿನಲ್ಲಿ ನನ್ನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ಈಗ ನೆನೆಸಿಕೊಂಡರೆ ನನ್ನ ಕಣ್ಣೀರಿನ ಮೇಲೂ ಸಿಟ್ಟು ಬರುತ್ತದೆ.

ಊರಿಗೆ ಹೋದವಳು ಅಲ್ಲಿಯ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿ ಬೇಗ ಬೇಗ ಮೇಲೇರಿದಳು. ಒಂದು ಆಗಸ್ಟ್‌ನಲ್ಲಿ ಫೋನು ಬಂತು.

“ಅಕ್ಕ, ನಮಗೆ ವಿದೇಶಿ ಅಧ್ಯಾಪಕರು ಬೇಕು. ಒಂದು ವರ್ಷ. ಕೊನೆಯಲ್ಲಿ ಡೀನ್ ಸಹಿ, ಕೆಂಪು ಮೊಹರು ಇರೋ ಪತ್ರ. ನಿನಗೆ ಬೇಕಾಗಿರೋದು ಅದೇ ಅಲ್ವಾ?”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನ ಗಂಡ ರಾಘುಗೆ ಮಾತ್ರ ಆಗಲಿಲ್ಲ. ಅವರು ಹೇಸ್‌ನಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿದ್ದಾರೆ. ಬರುವ ಮಾಲು, ಹೋಗುವ ಮಾಲು ನೋಡಿ ನೋಡಿ ಯಾರನ್ನೂ ಒಂದೇ ಸಲಕ್ಕೆ ನಂಬದ ಅಭ್ಯಾಸವಾಗಿದೆ.

“ಇದ್ದ ನೌಕರಿ ಬಿಟ್ಟು ಹಾರಬ್ಯಾಡ,” ಎಂದರು. “ರಜಾ ಕೇಳು ಸಾಲಿಯೊಳಗ.”

“ಒಂದು ವರ್ಷ ರಜಾ ಯಾರು ಕೊಡ್ತಾರ್ರೀ? ರಾಜೀನಾಮೆನ ಕೊಡಬೇಕು. ಶೆನ್ ಇದ್ದಾಳಲ್ಲ, ನನಗೇನು ಚಿಂತಿ?”

“ಶೆನ್ ಇದ್ದಾಳಂತನ ಚಿಂತಿ. ಗುರುತಿಲ್ಲದವರಾದ್ರ ಕಾಗದದ ಮ್ಯಾಲೆ ಎಲ್ಲಾ ಬರಸ್ಕೋತಿದ್ದಿ.”

ನಾನು ಕೇಳಲಿಲ್ಲ. ರಾಜೀನಾಮೆ ಕೊಟ್ಟೆ. ಪತ್ರದಲ್ಲಿ ಏನು ಬರೆಯುತ್ತೀರಿ ಎಂದು ಬರೆಸಿಕೊಳ್ಳಲಿಲ್ಲ, ತಂಗಿಯಂಥವಳ ಹತ್ತಿರ ಅದನ್ನೆಲ್ಲ ಹೇಗೆ ಕೇಳುವುದು ಎಂದುಕೊಂಡೆ. ನನ್ನಂಥ ಮೂರ್ಖಳನ್ನು ಹುಡುಕಿದರೂ ಸಿಗುವುದಿಲ್ಲ.

ಮೊದಲು ಕಳೆದುಕೊಂಡದ್ದು ಹೆಸರು. ಅಲ್ಲಿ ಇಂಗ್ಲಿಷ್ ಕಲಿಯುವವರೆಲ್ಲ ಒಂದೊಂದು ಇಂಗ್ಲಿಷ್ ಹೆಸರು ಇಟ್ಟುಕೊಳ್ಳುತ್ತಾರೆ, ಅದು ವಾಡಿಕೆ. ಶೆನ್ ತಾನೂ ಗ್ರೇಸ್ ಎಂದು ಇಟ್ಟುಕೊಂಡಿದ್ದಳು. “ನಿನ್ನ ಹೆಸರು ಮಕ್ಕಳ ಬಾಯಲ್ಲಿ ತಿರುಗಲ್ಲ ಅಕ್ಕ, ನೀನೂ ಒಂದು ಇಟ್ಕೋ,” ಎಂದಳು. ಮಂದಾಕಿನಿ ಹೋಗಿ ಮ್ಯಾಂಡಿ ಆಯಿತು. ಊರು ಕೇಳಿದರೆ ಲಂಡನ್ ಎನ್ನು, ಬೇರೆ ಏನೂ ಹೇಳಬೇಡ ಎಂದಳು. ಸುಳ್ಳೇನಲ್ಲವಲ್ಲ, ಇರುವುದು ಲಂಡನ್ನೇ. ಒಪ್ಪಿದೆ. ರಾಘುಗೆ ಅದೊಂದು ಆಟವಾಯಿತು. “ಮ್ಯಾಂಡೀಬಾಯಿ, ಚಹಾ ಆತೇನು?” ಎಂದು ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದರು.

ಅಲ್ಲಿ ಮಧ್ಯಾಹ್ನ ಎರಡಕ್ಕೆ ಕ್ಲಾಸು. ಸೆಪ್ಟೆಂಬರಿನಲ್ಲಿ ಅದು ನಮಗೆ ಬೆಳಗಿನ ಏಳು. ಅಕ್ಟೋಬರ್ ಕೊನೆಗೆ ಇಲ್ಲಿ ಗಡಿಯಾರ ಹಿಂದೆ ಸರಿಸಿದಮೇಲೆ ಆರು. ಐದಕ್ಕೆ ಏಳುತ್ತಿದ್ದೆ. ಹೀಟಿಂಗ್ ಇನ್ನೂ ಹತ್ತಿರುವುದಿಲ್ಲ, ನಲ್ಲಿಯ ನೀರು ಮುಖ ಕೊಯ್ಯುತ್ತದೆ. ಕಿಟಕಿಯ ಗಾಜಿನೊಳಗೆ ಹನಿ ಕಟ್ಟಿರುತ್ತಿತ್ತು, ಬಟ್ಟೆಯಿಂದ ಒರೆಸಿದರೆ ಎದುರುಮನೆಯ ಕಾರಿನ ಮೇಲಿನ ಬಿಳಿ ಮಂಜು ಕಾಣುತ್ತಿತ್ತು. ಬೀದಿಯಲ್ಲಿ ನರಿಯೊಂದು ಕಸದ ಬಿನ್ನುಗಳ ಪಕ್ಕ ತನ್ನ ಪಾಡಿಗೆ ಓಡಾಡುತ್ತಿತ್ತು. ಕ್ಯಾಮೆರಾಗೆ ಕಾಣುವಷ್ಟು ಮಾತ್ರ ಬ್ಲೇಜರ್ರು, ಕೆಳಗೆ ಪೈಜಾಮ, ಎರಡು ಜೊತೆ ಕಾಲುಚೀಲ. ಮೇಜಿನ ಕೆಳಗೆ ಅಕ್ಕಿಯ ಚೀಲ ಇಟ್ಟಿದ್ದೆವು, ಬೇರೆಲ್ಲೂ ಜಾಗವಿರಲಿಲ್ಲ. ಅದರ ಮೇಲೆ ಕಾಲಿಟ್ಟುಕೊಂಡು ವಿಶ್ವವಿದ್ಯಾಲಯದ ಪಾಠ ಹೇಳುತ್ತಿದ್ದೆ.

ಮೂವತ್ತೆರಡು ವಿದ್ಯಾರ್ಥಿಗಳು, ಎರಡನೇ ವರ್ಷದವರು. ಅವರು ತಮ್ಮ ತರಗತಿಯಲ್ಲೇ ಸಾಲಾಗಿ ಕೂತಿರುತ್ತಿದ್ದರು, ನಾನು ಅವರ ಎದುರಿನ ಗೋಡೆಯ ಪರದೆಯ ಮೇಲೆ. ಅಲ್ಲಿ ಪ್ರತಿ ತರಗತಿಗೂ ಒಬ್ಬ ಮಾನಿಟರ್ ಇರುತ್ತಾರೆ. ನಮ್ಮಲ್ಲಿಯ ಹಾಗೆ ಗಲಾಟೆ ಮಾಡಿದವರ ಹೆಸರು ಬರೆಯುವ ಮಾನಿಟರ್ ಅಲ್ಲ. ಮೇಷ್ಟ್ರಿಗೂ ವಿದ್ಯಾರ್ಥಿಗಳಿಗೂ ವಿಭಾಗಕ್ಕೂ ನಡುವಿನ ಎಲ್ಲ ಮಾತು ಆ ಒಬ್ಬರ ಮೂಲಕವೇ. ನಮ್ಮ ಮಾನಿಟರ್ ಹೆಲೆನ್ ಎಂಬ ಹುಡುಗಿ, ಹತ್ತೊಂಬತ್ತು ವರ್ಷ. ಸಣ್ಣ ಮುಖ, ಹಣೆಗೆ ನೇರವಾಗಿ ಕತ್ತರಿಸಿದ ಕೂದಲು. ಎಲ್ಲರಿಗಿಂತ ಮುಂಚೆ ಬಂದು ಕ್ಯಾಮೆರಾ ಹಚ್ಚಿ, “ಗುಡ್ ಆಫ್ಟರ್‌ನೂನ್, ಮಿಸ್ ಮ್ಯಾಂಡಿ,” ಎನ್ನುವಳು. ನಾನು ಬಾಯಿ ತಪ್ಪಿ ಮೊದಲ ದಿನವೇ ಊಟ ಆಯಿತಾ ಎಂದು ಕೇಳಿಬಿಟ್ಟೆ. ನಮ್ಮ ಜನ್ಮದ ರೂಢಿ, ಬಿಡುವುದಿಲ್ಲ. ಇಡೀ ತರಗತಿ ಹೋ ಎಂದಿತು. ಅವರಲ್ಲೂ ಯಾರಾದರೂ ಸಿಕ್ಕರೆ ಮೊದಲು ಕೇಳುವುದು ಊಟ ಆಯಿತಾ ಎಂದೇ ಅಂತೆ! ಹಿಂದಿನ ವಿದೇಶಿ ಮೇಷ್ಟ್ರು ಯಾರೂ ಅದನ್ನು ಕೇಳಿರಲಿಲ್ಲವಂತೆ. ಅಂದಿನಿಂದ ಆ ಮಕ್ಕಳು ನನ್ನವರಾದರು. ಅಥವಾ ಹಾಗೆಂದು ನಾನು ಅಂದುಕೊಂಡೆ.

ಹೆಲೆನ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ, ಬಾಯಿಪಾಠದ ಇಂಗ್ಲಿಷ್ ಬರುತ್ತಿತ್ತು. ಏನು ಬರೆಯಲು ಹೇಳಿದರೂ ‘ಸಮಾಜ ವೇಗವಾಗಿ ಬೆಳೆಯುತ್ತಿರುವ ಈ ದಿನಗಳಲ್ಲಿ’ ಎಂದೇ ಶುರು. ಅಜ್ಜಿಯ ಬಗ್ಗೆ ಬರೆ ಎಂದರೂ ಸಮಾಜ ವೇಗವಾಗಿ ಬೆಳೆಯುತ್ತಿರುತ್ತಿತ್ತು. ನಾನು ಒಂದೊಂದೇ ಸಾಲು ಹೊಡೆದುಹಾಕಿದೆ. ಅಜ್ಜಿಯ ಕೈ ಹೇಗಿತ್ತು ಹೇಳು, ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು ಹೇಳು, ನೀನು ಕಣ್ಣಾರೆ ನೋಡಿದ್ದನ್ನು ಮಾತ್ರ ಹೇಳು, ಸಣ್ಣ ಸಣ್ಣ ವಾಕ್ಯ ಸಾಕು ಎಂದೆ. ಡಿಸೆಂಬರ್ ಹೊತ್ತಿಗೆ ಅವಳು ಅಜ್ಜಿಯ ಬಗ್ಗೆ ಒಂದು ಪುಟ ಬರೆದು ಕಳಿಸಿದಳು. ನಾನು ಗ್ರೀನ್‌ಫರ್ಡಿಗೆ ಹೋಗುವ ಬಸ್ಸಿನಲ್ಲಿ ಅದನ್ನು ಓದಿ ಇಳಿಯುವ ಸ್ಟಾಪು ಮರೆತೆ. ಇಪ್ಪತ್ತು ವರ್ಷದ ಮೇಲೆ ನಾನು ಯಾರಿಗೋ ಏನೋ ಕಲಿಸಿದೆ ಎನಿಸಿತು. ಆ ಸಂತೋಷವನ್ನು ಅಲ್ಲ ಎನ್ನಲಾರೆ, ಅದು ನಿಜವಾಗಿಯೂ ಇತ್ತು.

ಏಪ್ರಿಲ್‌ನಲ್ಲಿ ಶೆನ್ ಹೊಸ ಸುದ್ದಿ ತಂದಳು. ಮೇ ತಿಂಗಳಲ್ಲಿ ‘ಓಪನ್ ಕ್ಲಾಸ್’. ಮೇಲಿನಿಂದ ಒಂದು ಸಮಿತಿ ಬಂದು ತರಗತಿಯ ಹಿಂದಿನ ಸಾಲಿನಲ್ಲಿ ಕೂತು ಪಾಠ ನೋಡುತ್ತದೆ, ಗ್ರೇಡು ಕೊಡುತ್ತದೆ.

“ಇದರಲ್ಲಿ ಫಸ್ಟ್ ಗ್ರೇಡ್ ಬಂದರೆ ಡೀನ್ ನಿನ್ನ ಪತ್ರಕ್ಕೆ ಎರಡು ಮಾತಿಲ್ಲದೆ ಸಹಿ ಹಾಕ್ತಾರೆ ಅಕ್ಕ,” ಎಂದಳು. “ಆದರೆ ಒಂದು ವಿಷಯ. ಅವತ್ತು ಯಾರೂ ತಪ್ಪು ಉತ್ತರ ಹೇಳಬಾರದು. ಮೊದಲೇ ಎಲ್ಲ ತಯಾರಿ ಆಗಿರಬೇಕು. ಎಲ್ಲರೂ ಹಾಗೇ ಮಾಡ್ತಾರೆ.”

ಇದನ್ನು ಅವಳು ನಾಚಿಕೊಂಡು ಹೇಳಿದಳು. ನನಗೆ ನಗು ಬಂತು. ಇನ್‌ಸ್ಪೆಕ್ಷನ್ ಎಂಬುದನ್ನು ಧಾರವಾಡದ ಸರಕಾರಿ ಶಾಲೆಯಲ್ಲಿ ಓದಿದವಳಿಗೆ ಹೇಳಿಕೊಡುತ್ತಾಳಲ್ಲ! ಸಾಹೇಬರು ಬರುವ ಹಿಂದಿನ ದಿನ ನಮ್ಮ ಮಾಸ್ತರರು ಬಾಗಿಲು ಹಾಕಿ ಹೇಳುತ್ತಿದ್ದರು: ‘ಸಾಹೇಬರು ಇದ್ದಾಗ ನಾ ಪ್ರಶ್ನೆ ಕೇಳಿದ್ರ ಎಲ್ಲಾರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ.’ ಸಾಹೇಬರಿಗೆ ಇಡೀ ವರ್ಗವೇ ಬುದ್ಧಿವಂತ, ಮಾಸ್ತರರಿಗೆ ಯಾರನ್ನು ಎಬ್ಬಿಸಬೇಕೆಂದು ಗೊತ್ತು. ಈ ವಿದ್ಯೆಯನ್ನು ನಾನು ಚೀನಾದ ಮೂವತ್ತೆರಡು ಜನರಿಗೆ ಧಾರೆ ಎರೆದೆ. ಅವರು ನಕ್ಕು ನಕ್ಕು ಮೇಜು ಬಡಿದರು. ಅಷ್ಟು ಪಳಗಿದ ಅವರ ದೇಶದಲ್ಲೂ ಈ ಉಪಾಯ ಯಾರಿಗೂ ಹೊಳೆದಿರಲಿಲ್ಲ.

ಪಾಠದ ವಿಷಯ ಮಳೆ. ಪಾಠ ಮಾಡುವವರು ಒಳಗೆ ಬಂದು ಮಾತಿಲ್ಲದೆ ಒಂದು ಕೊಡೆ ಬಿಚ್ಚಬೇಕು. ಮಕ್ಕಳು ನಗುತ್ತಾರೆ. ಆಗ ಮೊದಲ ಪ್ರಶ್ನೆ: ‘ಕೋಣೆಯೊಳಗೆ ಕೊಡೆ ಯಾಕೆ?’ ಅಲ್ಲಿಂದ ಮಳೆಗೆ, ಮಳೆಯಿಂದ ಅವರವರ ಊರಿಗೆ, ಊರಿನಿಂದ ಕಣ್ಣಾರೆ ಕಂಡದ್ದನ್ನು ಸಣ್ಣ ವಾಕ್ಯಗಳಲ್ಲಿ ಹೇಳುವುದಕ್ಕೆ. ನಿಮಿಷ ನಿಮಿಷವನ್ನೂ ಬರೆದೆ. ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು, ಬಲಗೈ ಎಡಗೈ ಸಮೇತ ಒಂಬತ್ತು ಪುಟ. ಆ ಒಂಬತ್ತು ಪುಟ ಶೆನ್‌ಗೆ ಮಾತ್ರ ಕಳಿಸಿದ್ದೆ. ಮೂರು ವಾರ ತಾಲೀಮು ನಡೆಯಿತು. ಪರದೆಯ ಮೇಲೆ ನಾನು ಕೊಡೆ ಬಿಚ್ಚುವುದು, ಅವರು ನಗುವುದು, ನಾನು ಕೊಡೆ ಮಡಚುವುದು.

“ಅಕ್ಕ, ನೀನು ಮಾತು ಸ್ವಲ್ಪ ನಿಧಾನ ಮಾಡು,” ಎಂದು ಶೆನ್ ಸೂಚನೆ ಕೊಡುತ್ತಿದ್ದಳು. “ಬರೆದದ್ದನ್ನ ಇನ್ನೂ ಬಿಡಿಸಿ ಬರೆ. ಬೇರೆ ಯಾರು ಓದಿದರೂ ಪಾಠ ಮಾಡುವ ಹಾಗಿರಬೇಕು.” ನಾನು ಬಿಡಿಸಿ ಬರೆದೆ. ಯಾಕೆ ಎಂದು ಕೇಳಲಿಲ್ಲ. ಕಡತಕ್ಕೆ ಬೇಕಾಗಿರಬೇಕು ಎಂದುಕೊಂಡೆ.

ಆ ದಿನ ಬೆಳಗಾಗುವ ಹೊತ್ತಿಗೇ ಬಿಸಿಲು ಬಿದ್ದಿತ್ತು, ಕೆಂಟನ್‌ನಲ್ಲಿ ಮೇ ತಿಂಗಳ ಬೆಳಗು ಅಷ್ಟು ಚಂದ. ತಲೆಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ ಕೂತೆ. ಪೂರ್ತಿ ಕಾಣಲಿ ಬಿಡಲಿ, ಆ ದಿನ ಪೈಜಾಮ ಬಿಟ್ಟು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ್ದೆ. ವೈಫೈ ಕಡಿಮೆಯಾಗಬಾರದೆಂದು ಮನೆಯಲ್ಲಿ ಎಲ್ಲರ ಫೋನು ಬಂದ್. ರಾಘು ಹೇಸ್‌ಗೆ ತಡವಾಗಿ ಬರುತ್ತೇನೆಂದು ಹೇಳಿ ಉಳಿದಿದ್ದರು. ಹನ್ನೆರಡು ವರ್ಷದ ಮಗಳು ಅನು ಬಾಗಿಲ ಸಂದಿಯಲ್ಲಿ ಮೊಣಕಾಲೂರಿ ಕೂತಿದ್ದಳು.

ಅರ್ಧ ಗಂಟೆ ಮೊದಲೇ ಬಂದು ಕ್ಯಾಮೆರಾ, ಮೈಕು ಮುಚ್ಚಿಕೊಂಡು ಕಾಯುತ್ತಿರು, ನಾನು ಹೆಸರು ಕರೆದಾಗ ತೆರೆ ಎಂದು ಶೆನ್ ಹೇಳಿದ್ದಳು. ಕಾದೆ. ತರಗತಿ ಕಾಣುತ್ತಿತ್ತು. ಮಕ್ಕಳೆಲ್ಲ ಬಿಳಿ ಅಂಗಿ ಹಾಕಿದ್ದರು. ಸಮಿತಿಯವರು ಐದು ಜನ ಬಂದು ಹಿಂದೆ ಕೂತರು. ಆಮೇಲೆ ಒಬ್ಬ ಎತ್ತರದ ಬಿಳಿಯ ಒಳಗೆ ಬಂದ. ಟೈ ಕಟ್ಟಿದ್ದ. ಇವನೂ ಸಮಿತಿಯವನಿರಬೇಕು ಎಂದುಕೊಂಡೆ. ಅವನು ಹಿಂದೆ ಹೋಗಲಿಲ್ಲ, ಮುಂದೆಯೇ ನಿಂತ. ಕೈಚೀಲದಿಂದ ಕೊಡೆ ತೆಗೆದು ಬಿಚ್ಚಿದ.

ಮಕ್ಕಳು ನಕ್ಕರು. ನಾನು ಎಲ್ಲಿ ನಗಬೇಕೆಂದು ಹೇಳಿದ್ದೆನೋ ಅಲ್ಲೇ, ನಾನು ಎಷ್ಟು ಹೇಳಿದ್ದೆನೋ ಅಷ್ಟೇ.

“ಅಮ್ಮಾ,” ಅನು ಪಿಸುಗುಟ್ಟಿದಳು, “ದಟ್ಸ್ ಯುವರ್ ಲೆಸನ್. ವೈ ಈಸ್ ಹಿ ಡೂಯಿಂಗ್ ಯುವರ್ ಲೆಸನ್?”

ಮೈಕು ತೆರೆಯಲು ಹೋದೆ, ತೆರೆಯಲಿಲ್ಲ, ಅಲ್ಲಿಂದಲೇ ಮುಚ್ಚಿದ್ದರು. ಕ್ಯಾಮೆರಾ ಒತ್ತಿದೆ, ಅದೂ ಇಲ್ಲ. ನಾನು ಇಲ್ಲಿದ್ದೇನೆ ಎಂದು ಟೈಪ್ ಮಾಡಿದೆ. ಕ್ಷಣದಲ್ಲಿ ಶೆನ್‌ಳ ಉತ್ತರ ನನಗೊಬ್ಬಳಿಗೇ ಬಂತು: ‘ಅಕ್ಕ, ದಯವಿಟ್ಟು ಸುಮ್ಮನಿರು. ಆಮೇಲೆ ಹೇಳ್ತೀನಿ.’

ಅವನು ಪ್ರಶ್ನೆ ಕೇಳಿದ. ಮೂವತ್ತೆರಡು ಕೈ ಮೇಲೆದ್ದವು, ಕೆಲವು ಬಲ, ಕೆಲವು ಎಡ. ಅವನು ಒಂದು ಸಲವೂ ತಪ್ಪದೆ ಬಲಗೈಯವರನ್ನೇ ಎಬ್ಬಿಸಿದ. ಆಗ ನನಗೆ ಪೂರ್ತಿ ಅರ್ಥವಾಯಿತು. ಕೊಡೆಯನ್ನು ಯಾರು ಬೇಕಾದರೂ ತರಬಹುದು. ಬಲಗೈ ಎಡಗೈ ನನ್ನ ಒಂಬತ್ತು ಪುಟ ಓದದೆ ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳೂ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಿರಲಿಲ್ಲ. ಅಂದರೆ ನನಗೆ ಗೊತ್ತಿಲ್ಲದೆ ಅವನ ಜೊತೆಗೂ ಬೇರೆ ತಾಲೀಮು ಆಗಿತ್ತು. ನನ್ನ ತಾಲೀಮಿನಲ್ಲಿ ನನ್ನ ಮುಖ ನೋಡಿ ನಕ್ಕವರು ಮರುದಿನ ಹೋಗಿ ಅವನ ಮುಂದೆ ನಗುವುದನ್ನು ಅಭ್ಯಾಸ ಮಾಡಿದ್ದರು. ಅವನ ಉಚ್ಚಾರ ಕೇಳಿದೆ. ಗ್ರೀನ್‌ಫರ್ಡಿನಿಂದ ಬಂದು ನಮ್ಮ ಅಡುಗೆಮನೆಗೆ ಟೈಲ್ಸ್ ಹಾಕಿದ ಪೋಲಿಷ್ ಅಣ್ಣತಮ್ಮಂದಿರು ನೆನಪಾದರು. ಒಳ್ಳೆಯ ಕೆಲಸಗಾರರು, ಇವನೂ ಒಳ್ಳೆಯವನೇ ಇರಬಹುದು. ಆದರೆ ಇಂಗ್ಲಿಷ್ ಅವನಿಗೂ ತಾಯಿನುಡಿಯಲ್ಲ. ನನ್ನ ಹಾಗೆ ಕಲಿತು ಬಂದವನೇ. ಇವರಿಗೆ ನನ್ನ ಇಂಗ್ಲಿಷ್ ಬ್ಯಾಡಾಗಿಲ್ಲ, ನನ್ನ ಮಾರಿ ಬ್ಯಾಡಾಗೇದ ಎಂದು ಜೋರಾಗಿಯೇ ಅಂದೆ.

ರಾಘು ಮೆಟ್ಟಿಲ ಮೇಲೆ ಚಹಾದ ಕಪ್ಪು ಹಿಡಿದು ನಿಂತಿದ್ದರು. ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಅದಕ್ಕೆ ಅವರಿಗೆ ಇವತ್ತಿಗೂ ಋಣಿ.

“ಬಂದ್ ಮಾಡು ಅದನ್ನ,” ಎಂದರು. “ಯಾಕ ನೋಡ್ತಿ?”

ಆದರೂ ಪೂರ್ತಿ ನೋಡಿದೆ. ನಲವತ್ತೈದು ನಿಮಿಷ. ಹೆಲೆನ್ ಕೊನೆಯಲ್ಲಿ ಎದ್ದು ತನ್ನ ಊರಿನ ಮಳೆಯ ಬಗ್ಗೆ ಆರು ಸಣ್ಣ ವಾಕ್ಯ ಹೇಳಿದಳು. ಸಮಿತಿಯವರು ಚಪ್ಪಾಳೆ ತಟ್ಟಿದರು. ಅವಳು ಕೂರುವ ಮುಂಚೆ ಕ್ಯಾಮೆರಾದ ಕಡೆಗೆ ಒಂದು ಸಲವಾದರೂ ನೋಡುತ್ತಾಳೇನೋ ಎಂದು ಕಾದೆ. ನೋಡಲಿಲ್ಲ.

ಮಧ್ಯಾಹ್ನ ಶೆನ್ ಫೋನ್ ಮಾಡಿದಳು. ದನಿಯಲ್ಲಿ ಖುಷಿ ತುಳುಕುತ್ತಿತ್ತು.

“ಅಕ್ಕ, ಫಸ್ಟ್ ಗ್ರೇಡ್! ನಿನ್ನ ಪಾಠವನ್ನ ಎಲ್ಲರೂ ಹೊಗಳಿದರು.”

“ನನ್ನ ಪಾಠ ಅಂತ ಅವರಿಗೆ ಗೊತ್ತಾ?”

“ಸಮಿತಿಗೆ ತರಗತಿಯಲ್ಲಿ ನಿಂತಿರೋ ವಿದೇಶಿ ಬೇಕಾಗಿತ್ತು. ಪರದೆ ಮೇಲಿರೋರು ಬೇಡ ಅಂದರು. ಅದೂ ಅಲ್ಲದೆ ಅಕ್ಕ, ಬೇಜಾರು ಮಾಡ್ಕೋಬೇಡ, ನೀನು ನೋಡೋಕೆ ಅವರಿಗೆ ಬೇಕಾದ ವಿದೇಶಿ ಹಾಗಿಲ್ಲ. ಡೇನಿಯಲ್ ಇಲ್ಲೇ ಒಂದು ಶಿಶುವಿಹಾರದಲ್ಲಿ ಪಾಠ ಹೇಳ್ತಾನೆ. ಒಂದು ದಿನಕ್ಕೆ ಕರೆಸಿದ್ವಿ. ಓಪನ್ ಕ್ಲಾಸ್ ಅಂದರೆ ನಾಟಕ. ಸಮಿತಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಯಾರೂ ಅದನ್ನ ನಿಜ ಅಂದ್ಕೊಳ್ಳಲ್ಲ.”

“ನಾನೊಬ್ಬಳು ಅಂದ್ಕೊಂಡಿದ್ದೆ. ಇದು ಯಾರ ತಲೆಗೆ ಹೊಳೆದದ್ದು?”

“ನನಗೇ,” ಎಂದಳು. ಅಷ್ಟು ಸುಲಭವಾಗಿ ಹೇಳಿದಳು, ನನಗೆ ಸುಳ್ಳಾದರೂ ಹೇಳಬಾರದಿತ್ತೇ ಎನಿಸಿತು.

“ನನಗೆ ಮೊದಲೇ ಹೇಳಬಹುದಿತ್ತಲ್ಲ ಶೆನ್.”

“ಮೊದಲೇ ಹೇಳಿದ್ದರೆ ನೀನು ಅಷ್ಟು ಚೆನ್ನಾಗಿ ಬರೀತಿರಲಿಲ್ಲ, ಅಕ್ಕ.”

ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದಳು, ಅದೇ ನನ್ನನ್ನು ಕೊಂದದ್ದು. ನನ್ನ ಮನೆಯಲ್ಲಿ ಉಂಡು, ನನ್ನ ಮೇಜಿನ ಮೇಲೆ ಓದಿ, ನನ್ನನ್ನು ಅಕ್ಕ ಎಂದು ಕರೆದವಳು ನಾನು ಎಷ್ಟು ನಂಬುತ್ತೇನೆ ಎಂದು ಸರಿಯಾಗಿ ಅಳೆದು, ಅಷ್ಟಕ್ಕೂ ಕೆಲಸ ತೆಗೆದುಕೊಂಡಿದ್ದಳು. ನನಗೆ ಅಳು ಬರಲಿಲ್ಲ. ಪತ್ರದ ಕತೆ ಏನು ಎಂದೆ.

“ಪತ್ರ ಖಂಡಿತ ಕಳಿಸ್ತೀನಿ. ಆದರೆ ಈಗ ದಾಖಲೆಯಲ್ಲಿ ಈ ತರಗತಿಯ ಅಧ್ಯಾಪಕ ಡೇನಿಯಲ್ ಅಂತ ಹೋಗಿಬಿಟ್ಟಿದೆ. ಒಂದೇ ತರಗತಿಗೆ ಇಬ್ಬರು ಅಂತ ಬರೆಯೋಕಾಗಲ್ಲ. ನಿನಗೆ ಟೀಚಿಂಗ್ ಅಸಿಸ್ಟೆಂಟ್ ಅಂತ ಕೊಡಿಸ್ತೀನಿ.”

ನಾನು ಫೋನ್ ಇಟ್ಟೆ. ಆ ಎರಡು ಪದದಿಂದ ತಪ್ಪಿಸಿಕೊಳ್ಳಲೆಂದೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟವಳು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವಾರದೊಳಗೆ ಪತ್ರ ಬಂತು. ಗುಂಡಗಿನ ಕೆಂಪು ಮೊಹರು, ಡೀನ್ ಸಹಿ, ಮಿಸ್ ಮ್ಯಾಂಡಿ ಎಂಬ ಸಹಾಯಕಿಗೆ ವಿಭಾಗದ ಕೃತಜ್ಞತೆ. ಕಾಲೇಜಿಗೆ ನಾಲ್ಕನೇ ಅರ್ಜಿಯನ್ನು ನಾನು ಹಾಕಲೇ ಇಲ್ಲ, ಸೆಪ್ಟೆಂಬರಿನಲ್ಲಿ ಹಳೆಯ ಶಾಲೆಗೇ ಮರಳಿದೆ.

ಉಳಿದ ಮೂರು ವಾರ ಪಾಠ ನಿಲ್ಲಿಸಲಿಲ್ಲ. ಸೋಮವಾರ ಬೆಳಿಗ್ಗೆ ಪರದೆ ತೆರೆದರೆ ಹೆಲೆನ್ ಎಂದಿನಂತೆ ಗುಡ್ ಆಫ್ಟರ್‌ನೂನ್ ಎಂದಳು. ನಾನು ಊಟದ ವಿಷಯ ಕೇಳಲಿಲ್ಲ. ಒಂದೇ ಮಾತು ಕೇಳಿದೆ.

“ಹೆಲೆನ್, ನೀನು ನನಗೆ ಒಂದು ಸಾಲು ಬರೆದು ತಿಳಿಸಬಹುದಿತ್ತು. ಯಾಕೆ ತಿಳಿಸಲಿಲ್ಲ?”

ಅವಳು ತಲೆ ತಗ್ಗಿಸಿದಳು. ಉಳಿದ ಮೂವತ್ತೊಂದು ತಲೆಗಳೂ ತಗ್ಗಿದವು. ಆಮೇಲೆ ನಿಧಾನವಾಗಿ, ನಾನು ಕಲಿಸಿದ ಹಾಗೆ ಸಣ್ಣ ವಾಕ್ಯಗಳಲ್ಲಿ ಹೇಳಿದಳು. “ಹೇಳಬೇಡ ಅಂದರು, ಮಿಸ್. ನಾನು ಮಾನಿಟರ್.” ಹತ್ತೊಂಬತ್ತರ ಹುಡುಗಿ, ಅವಳೇನು ಮಾಡಿಯಾಳು ಎಂದು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ನೋವು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದ್ದು? ಶೆನ್ ಕೈ ಕೊಟ್ಟದ್ದು ಸಿಟ್ಟು ತರಿಸಿತು, ಈ ಹುಡುಗಿ ಸುಮ್ಮನಿದ್ದದ್ದು ನನ್ನನ್ನು ಒಳಗೆಲ್ಲೋ ಮುರಿಯಿತು.

ಜೂನ್ ಕೊನೆಗೆ ಪರೀಕ್ಷೆ. ಪ್ರಶ್ನೆಪತ್ರಿಕೆ ವಿಭಾಗದ್ದು, ಉತ್ತರಪತ್ರಿಕೆಗಳು ಸ್ಕ್ಯಾನ್ ಆಗಿ ನನಗೆ ಬಂದವು; ಅಂಕ ಕೊಡುವುದು ಡೇನಿಯಲ್‌ಗೆ ಬರುವುದಿಲ್ಲವಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಬಾಕ್ಸ್ ರೂಮಿನ ಕಿಟಕಿ ತೆರೆದು, ಎಲ್ಲವನ್ನೂ ಪ್ರಿಂಟ್ ತೆಗೆದು ಕೂತೆ. ಇದ್ದದ್ದು ಒಂದೇ ಪ್ರಶ್ನೆ, ನೂರು ಅಂಕದ ಪ್ರಬಂಧ. ವಿಷಯ: ‘ನನ್ನ ವಿದೇಶಿ ಅಧ್ಯಾಪಕರು’. ಮೂವತ್ತೆರಡು ಜನರೂ ಬರೆದದ್ದು ಡೇನಿಯಲ್ ಬಗ್ಗೆ. ಮಾದರಿ ಪ್ರಬಂಧವೊಂದನ್ನು ವಿಭಾಗವೇ ಹಂಚಿತ್ತೆಂದು ಒಂದೇ ತರದ ಸಾಲುಗಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಎತ್ತರದ ಮೇಷ್ಟ್ರು, ನೀಲಿ ಕಣ್ಣು, ಲಂಡನ್ನಿನಿಂದ ಬಂದವರು, ವರ್ಷವಿಡೀ ನಮಗೆ ಪಾಠ ಹೇಳಿದರು.

ರಾಘು ನಾಲ್ಕು ಹಾಳೆ ಓದಿ ಮೇಜಿನ ಮೇಲೆ ಒಗೆದರು.

“ಹರದು ಒಗಿ ಇವನ್ನ. ಇಲ್ಲಾ ಎಲ್ಲಾರಿಗೂ ಸೊನ್ನಿ ಹಾಕಿ ಕಳಸು. ಸುಳ್ಳು ಬರದಾರ ಅಂತ ಬರಿ.”

ಅದೊಂದೇ ನನ್ನ ಕೈಯಲ್ಲಿ ಉಳಿದಿದ್ದ ಅಧಿಕಾರ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಂಪು ಪೆನ್ನು ತೆಗೆದುಕೊಂಡು ಮೊದಲು ಹೆಲೆನ್‌ಳ ಹಾಳೆ ಹುಡುಕಿದೆ. ಅವಳೊಬ್ಬಳು ಮಾದರಿಯನ್ನು ಉರುಹೊಡೆದಿರಲಿಲ್ಲ. ಸ್ವಂತ ಮಾತಿನಲ್ಲಿ ಬರೆದಿದ್ದಳು. ಅವನ ಕೈ ಹೇಗಿದೆ, ಅವನು ಕೊಡೆಯನ್ನು ಹೇಗೆ ಮಡಚುತ್ತಾನೆ, ಪ್ರಶ್ನೆ ಕೇಳುವಾಗ ಹೇಗೆ ತಲೆ ಓರೆ ಮಾಡುತ್ತಾನೆ. ಸಣ್ಣ ಸಣ್ಣ ವಾಕ್ಯಗಳು. ಓದುತ್ತ ಓದುತ್ತ ಆ ಮನುಷ್ಯ ನನ್ನ ಕಣ್ಣೆದುರು ನಿಂತ, ಇಡೀ ವರ್ಷ ಅವಳಿಗೆ ಪಾಠ ಹೇಳಿದವನೇ ಅವನು ಎಂದು ನನಗೇ ನಂಬಿಕೆ ಬರುವ ಹಾಗಿತ್ತು. ತಪ್ಪು ಹುಡುಕಲೆಂದೇ ಮೂರು ಸಲ ಓದಿದೆ. ಒಂದೂ ಸಿಗಲಿಲ್ಲ. ನೂರಕ್ಕೆ ನೂರು ಹಾಕಿದೆ.